ಯೆಲ್ಲೋ ಮುಟ್ಟಿದರೆ ಜಳಕ

ಮಕ್ಕಳಿಗೆ ಯೆಲ್ಲೋ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಣ್ಣಗಳ ಇಂಗ್ಲಿಷ್ ಹೆಸರು ಕಲಿಸುವುದರಲ್ಲಿ ನಾನು ವಿಫಲಳಾಗಿದ್ದೇನೆ ಎಂದು ಆಮೇಲೆ ನನಗೆ ಕೊಟ್ಟ ನೋಟೀಸಿನಲ್ಲಿ ಬರೆದಿದ್ದಾರೆ. ಸುಳ್ಳು. ಹದಿನೇಳಕ್ಕೆ ಹದಿನೇಳು ಮಕ್ಕಳಿಗೂ ಗೊತ್ತಿತ್ತು.

ನನ್ನ ಹೆಸರು ಭಾಗ್ಯಜ್ಯೋತಿ. ಜೇವರ್ಗಿ ಕಡೆಯವಳು. ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಯಿಂದ ನಾಲ್ಕು ಹೊಲ ಈಚೆಗಿರುವ ಒಂದು ಊರಿನ ಸರಕಾರಿ ಶಾಲೆಯಲ್ಲಿ ಹೊಸದಾಗಿ ಎಲ್‌ಕೆಜಿ ತೆರೆದರು. ಅದಕ್ಕೆ ನಾನು ಅತಿಥಿ ಶಿಕ್ಷಕಿ. ಕೇಳಲು ಚಂದದ ಮಾತು. ಅತಿಥಿಯೇ ಬೆಳಿಗ್ಗೆ ಬಂದು ಬೀಗ ತೆಗೆಯಬೇಕು. ಕಟ್ಟೆಯ ಮೇಲೆ ನಾಯಿ ಮಾಡಿ ಹೋದದ್ದನ್ನು ಬಳಿಯಬೇಕು. ಬೋರಿನಿಂದ ಎರಡು ಕೊಡ ನೀರು ಹೊತ್ತು ತರಬೇಕು. ಆಮೇಲೆ ಮಕ್ಕಳು ಬರುತ್ತವೆ. ನಾಲ್ಕು ವರ್ಷದವು, ಐದು ವರ್ಷದವು. ಮೂಗು ಸುರಿಯುತ್ತಿರುತ್ತದೆ. ಒಂದು ವಾಂತಿ ಮಾಡುತ್ತದೆ, ಒಂದು ಚಡ್ಡಿಯಲ್ಲೇ ಮಾಡಿಕೊಂಡು ಮೂಲೆಯಲ್ಲಿ ನಿಂತು ನನ್ನನ್ನೇ ನೋಡುತ್ತದೆ. ತೊಳೆಯಬೇಕು. ಆಯಾ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಸೊಂಟ ನನ್ನದಲ್ಲ ಎನ್ನಿಸುತ್ತದೆ. ಗಂಟಲಲ್ಲಿ ಸುಣ್ಣದ ಪುಡಿ ತುಂಬಿದಂತಿರುತ್ತದೆ.

ನಾನು ಇದ್ದದ್ದು ಕಲ್ಯಾಣಪ್ಪನವರ ಮನೆಯಲ್ಲಿ, ಪಡಸಾಲೆಯ ಪಕ್ಕದ ಕೋಣೆಯಲ್ಲಿ. ಅವರೇ ಶಾಲಾ ಸಮಿತಿಯ ಅಧ್ಯಕ್ಷರು. ಪ್ರತಿ ಜೂನಿನಲ್ಲಿ ಅವರು ಸಹಿ ಮಾಡಿದರೆ ನನಗೆ ಕೆಲಸ. ಮೊದಲ ದಿನ ಅವರ ಹೆಂಡತಿ ಸುಭದ್ರಾಬಾಯಿ ಕೇಳಿದ್ದರು.

"ನೀವು ಯಾವ ಪೈಕಿರಿ, ಟೀಚರ?"

"ಜೇವರ್ಗಿ ಕಡೆಯವ್ರು ರೀ."

"ಅದು ಗೊತ್ತಾತು. ಯಾವ ಮಂದಿ?"

ನಾನು ಸುಮ್ಮನೆ ನಕ್ಕೆ. ಹಣೆಯ ಮೇಲೆ ವಿಭೂತಿ ಇತ್ತು. ಬಸ್ ಇಳಿಯುವ ಮೊದಲೇ ಹಚ್ಚಿಕೊಂಡಿದ್ದೆ. ಅವರು ವಿಭೂತಿಯನ್ನು ನೋಡಿದರು, ನನ್ನ ಹೆಸರನ್ನು ಇನ್ನೊಮ್ಮೆ ಕೇಳಿದರು, ಒಳಗೆ ಕರೆದರು. ನಾನು ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ. ಅದಕ್ಕೂ ಮೊದಲು ಅಫಜಲಪುರದಲ್ಲಿ ಮೂರು ಮನೆಗಳಲ್ಲಿ ನಿಜ ಹೇಳಿದ್ದೆ. ಮೂರೂ ಕಡೆ ಕೋಣೆ ಅಂದೇ ಯಾರಿಗೋ ಕೊಟ್ಟಾಗಿತ್ತು.

ಆರು ತಿಂಗಳು ಅವರ ಅಡುಗೆಮನೆಯಲ್ಲಿ ಕುಳಿತು ರೊಟ್ಟಿ ಬಡಿದೆ. ಚಲೋ ಬಡೀತೀರಿ ಎಂದು ಸುಭದ್ರಾಬಾಯಿ ಹೊಗಳುತ್ತಿದ್ದರು. ಜ್ವರ ಬಂದಾಗ ಮೂರು ದಿನ ಗಂಜಿ ಕಾಯಿಸಿ ಕೊಟ್ಟರು. ಕೆಟ್ಟ ಹೆಂಗಸು ಎಂದು ನಾನು ಹೇಳಲಾರೆ. ಹೇಳುವಂತಿದ್ದರೆ ಎಷ್ಟು ಹಗುರಾಗುತ್ತಿತ್ತು.

ಆ ಸೋಮವಾರ ಡಿಸೆಂಬರಿನ ಥಂಡಿ. ಬಾಗಿಲಿನಿಂದ ಬಂದ ಬಿಸಿಲು ಕೋಣೆಯ ನಡುವಿನವರೆಗೆ ಬಿದ್ದಿತ್ತು, ಮಕ್ಕಳು ಅದರಲ್ಲೇ ಗುಂಪಾಗಿ ಕುಳಿತಿದ್ದವು. ಯೂನಿಫಾರ್ಮ್ ಇನ್ನೂ ಬಂದಿರಲಿಲ್ಲ. ಎಲ್ಲರದೂ ಬಣ್ಣದ ಬಟ್ಟೆ. ತರಬೇತಿಯಲ್ಲಿ ನಮಗೆ ಹೇಳಿದ್ದರು, ಕೆಂಪಂದರೆ ರೆಡ್ ಎಂದು ಬಾಯಿಪಾಠ ಮಾಡಿಸಬೇಡಿ, ಓಡಿಸಿ, ಮುಟ್ಟಿಸಿ, ಆಡಿಸಿ ಅಂತ. ಸುತ್ತಲಿರುವುದನ್ನೇ ಬಳಸಿ ಅಂತ. ನಾನು ಒಂದು ಬಣ್ಣ ಕೂಗುವುದು, ಮಕ್ಕಳು ಓಡಿಹೋಗಿ ಆ ಬಣ್ಣದ ಯಾವುದನ್ನಾದರೂ ಮುಟ್ಟುವುದು. ಇಷ್ಟೇ ಆಟ. ಒಳ್ಳೆಯ ಆಟ. ಅವತ್ತಿನವರೆಗೆ ಅದರಲ್ಲಿ ತಪ್ಪಿದೆ ಎಂದು ನನಗೂ ಅನ್ನಿಸಿರಲಿಲ್ಲ.

"ಟಚ್ ಬ್ಲೂ," ಅಂದೆ. ಬಕೆಟ್ಟಿನ ಮೇಲೆ ಬಿದ್ದವು.

"ಟಚ್ ಗ್ರೀನ್." ಬಾಗಿಲು ಹಸಿರು. ಅದನ್ನು ಬಡಿಬಡಿದು ಬಂದವು.

"ಟಚ್ ರೆಡ್." ಕಲ್ಯಾಣಪ್ಪನವರ ಮೊಮ್ಮಗ ಮಹೇಶಕುಮಾರ ಕೆಂಪು ಅಂಗಿ ಹಾಕಿದ್ದ. ಹತ್ತು ಹನ್ನೆರಡು ಮಕ್ಕಳು ಒಂದೇ ಸಲ ಅವನ ಮೈಮೇಲೆ ಬಿದ್ದವು. ಹೊಟ್ಟೆಗೆ ಕೈ, ಬೆನ್ನಿಗೆ ಕೈ, ಕಂಕುಳಕ್ಕೆ ಕೈ. ಅವನು ನೆಲಕ್ಕೆ ಬಿದ್ದು, ಉಸಿರು ಸಿಗದ ಹಾಗೆ ನಕ್ಕು, ಮತ್ತೊಮ್ಮೆ ರೆಡ್ ಅನ್ರಿ ಮಿಸ್ ಅಂದ.

ನಾನು ಸುತ್ತ ನೋಡಿದೆ. ಹಳದಿ ಒಂದೇ ಕಡೆ ಇತ್ತು.

"ಟಚ್ ಯೆಲ್ಲೋ."

ಸೀಮಾ ಶಾಲೆಗೆ ಬಂದು ಎರಡು ವಾರವಾಗಿತ್ತು. ನಾಲ್ಕು ವರ್ಷ. ಮಾದರ ಓಣಿಯಿಂದ ಎಲ್‌ಕೆಜಿಗೆ ಬಂದದ್ದು ಅದೊಂದೇ ಮಗು. ಅಪ್ಪ ದೇವಾನಂದ, ಅವ್ವ ಇಬ್ಬರೂ ದೀಪಾವಳಿ ಮುಗಿಸಿ ಸೊಲ್ಲಾಪುರದ ಆಚೆಗೆ ಕಬ್ಬು ಕಡಿಯಲು ಹೋಗಿದ್ದರು. ಮಗುವನ್ನು ಅಜ್ಜಿ ಗೌರಾಬಾಯಿಯ ಹತ್ತಿರ ಬಿಟ್ಟಿದ್ದರು. ಅವ್ವ ಹೋಗುವ ಮೊದಲು ಕೊಡಿಸಿದ ಹಳದಿ ಫ್ರಾಕನ್ನು ಅವತ್ತು ಸೀಮಾ ಹಾಕಿಕೊಂಡು ಬಂದಿದ್ದಳು. ಎರಡು ವಾರ ಆಕೆಯ ಆಚೆಗೂ ಈಚೆಗೂ ಒಂದು ಗೇಣು ಜಾಗ ಖಾಲಿ ಇರುತ್ತಿತ್ತು. ನಾನು ನೋಡಿದ್ದೆ. ನೋಡಿದ್ದೇನೆ ಎಂದು ನನಗೆ ನಾನು ಹೇಳಿಕೊಂಡಿರಲಿಲ್ಲ.

ಸೀಮಾಳಿಗೆ ಗೊತ್ತಾಯಿತು, ಈಗ ತನ್ನ ಸರದಿ. ಕೋಣೆಯ ನಡುವೆ ಬಂದು ನಿಂತಳು. ಹೊಟ್ಟೆ ಮುಂದೆ ಮಾಡಿದಳು, ಕೈ ಎರಡೂ ಅಗಲಿಸಿದಳು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಕಚಗುಳಿಗೆ ಮೊದಲೇ ನಗು ಬಂದಿತ್ತು.

ಯಾರೂ ಓಡಲಿಲ್ಲ.

ಮರೆತಿವೆ ಅಂದುಕೊಂಡೆ. ಹಳದಿ ಬಣ್ಣದ ಕಾರ್ಡು ಎತ್ತಿ ತೋರಿಸಿದೆ. "ಯೆಲ್ಲೋ. ಟಚ್ ಯೆಲ್ಲೋ." ಗಂಟಲು ಹರಿಯುವ ಹಾಗೆ ಇನ್ನೊಮ್ಮೆ ಕೂಗಿದೆ.

ಕುರುಬರ ಹುಡುಗ ಮಾಳಿಂಗ, ತರಗತಿಯಲ್ಲೇ ಚುರುಕಿನವನು, ದೂರದಿಂದಲೇ ಬೆರಳು ತೋರಿಸಿದ. "ಯೆಲ್ಲೋ ಅಲ್ಲಿ ನಿಂತದಲ್ರಿ, ಮಿಸ್."

"ಮತ್ತ ಮುಟ್ಟು."

"ಮುಟ್ಟಂಗಿಲ್ರಿ."

"ಯಾಕಲೇ?"

"ಮನ್ಯಾಗ ಜಳಕ ಮಾಡಸ್ತಾರ್ರಿ. ಥಂಡಿ ಅದ."

ಸಿಟ್ಟಿಲ್ಲ, ಅಸಹ್ಯವಿಲ್ಲ. ಥಂಡಿ ಅದ, ಅಷ್ಟೇ. ಉಳಿದ ಮಕ್ಕಳು ಹೌದ್ರಿ ಹೌದ್ರಿ ಅಂದವು. ಒಂದು ಹುಡುಗಿ ತನಗೆ ಹೋದ ವಾರ ಅಂಗಳದಲ್ಲಿ ಬತ್ತಲೆ ನಿಲ್ಲಿಸಿ ನೀರು ಸುರಿದದ್ದನ್ನು ಹೇಳತೊಡಗಿತು. ಸೀಮಾ ಒಂದು ಕಣ್ಣು ತೆರೆದು ನೋಡಿದಳು. ಕೈ ಇನ್ನೂ ಅಗಲಿಸಿಯೇ ಇತ್ತು. ಮತ್ತೆ ಕಣ್ಣು ಮುಚ್ಚಿಕೊಂಡಳು.

ನಾನು ಹೋಗಿ ಆಕೆಯನ್ನು ಎತ್ತಿಕೊಂಡೆ. ಹೊಟ್ಟೆಗೆ ಕಚಗುಳಿ ಇಟ್ಟೆ. ಆಕೆ ನಗಲಿಲ್ಲ.

"ಮಿಸ್, ನೀವೂ ಜಳಕ ಮಾಡ್ಬೇಕ್ರಿ," ಮಾಳಿಂಗ ಅಂದ.

"ಹೂಂ. ಮಾಡ್ತೇನಿ," ಅಂದೆ.

ಯೋಚಿಸದೆ ಬಂತು. ವಿಭೂತಿ ಹಚ್ಚುವ ಕೈಗೆ ರೂಢಿಯಾದ ಹಾಗೆ ಬಾಯಿಗೂ ರೂಢಿಯಾಗಿತ್ತು. ಸೀಮಾಳ ಕಿವಿ ನನ್ನ ಬಾಯಿಯಿಂದ ನಾಲ್ಕು ಬೆರಳು ದೂರದಲ್ಲಿತ್ತು.

ಸಂಜೆ ನಾನು ಮನೆ ಮುಟ್ಟುವ ಮೊದಲೇ ಮಹೇಶಕುಮಾರ ಎಲ್ಲ ಹೇಳಿದ್ದ. ಸುಭದ್ರಾಬಾಯಿ ಬಾಗಿಲಲ್ಲೇ ನಿಂತಿದ್ದರು.

"ಅಲ್ಲೇ ನಿಂದರ್ರಿ ಟೀಚರ, ಜರಾ. ಬಚ್ಚಲದಾಗ ನೀರ ಕಾಸಿ ಇಟ್ಟೇನಿ. ಹಿತ್ತಲ ಕಡಿಂದ ಹೋಗಿ ಜಳಕ ಮಾಡ್ಕೊಂಡು ಒಳಗ ಬರ್ರಿ. ಸೀರಿನೂ ನೆನಸಿಬಿಡ್ರಿ."

ನಾನು ಮೆಟ್ಟಿಲಿನಿಂದ ಕೆಳಗಿಳಿದೆ.

"ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ತಪ್ಪಲ್ಲ ಅದು. ನೌಕರಿ ಅಂದಮ್ಯಾಲ ಎಲ್ಲಾರ ಮಕ್ಕಳನ್ನೂ ಎತ್ಕೋಬೇಕಾಗ್ತದ. ಆದ್ರ ಮನೀಗೆ ಒಂದು ರೀತಿ ಅಂತ ಇರ್ತದಲ್ರಿ." ಅವರ ಹಿಂದೆ ಪಡಸಾಲೆಯ ಗೋಡೆಯ ಮೇಲೆ ಬಸವಣ್ಣನ ಫೋಟೋ ಇತ್ತು. ಬೆಳಗಿನ ಹೂವು ಇನ್ನೂ ಬಾಡಿರಲಿಲ್ಲ.

ಹಿತ್ತಲಿಗೆ ಹೋದೆ. ಬಚ್ಚಲಿನ ತಗಡಿನ ಬಾಗಿಲು ಹಾಕಿಕೊಂಡೆ. ಸೀರೆ ಬಿಚ್ಚಿ ನೆನೆಸಿದೆ. ತಂಬಿಗೆಯಲ್ಲಿ ನೀರು ತೆಗೆದು ತಲೆಯ ಮೇಲೆ ಸುರಿದುಕೊಂಡೆ. ಕೈ ತೊಳೆದೆ. ಆ ಮಗುವಿನ ತೊಡೆ ಒತ್ತಿದ್ದ ಸೊಂಟ ತೊಳೆದೆ. ಜೇವರ್ಗಿಯಲ್ಲಿ ಆ ಹೊತ್ತಿಗೆ ನನ್ನವ್ವ ಹತ್ತಿ ಬಿಡಿಸಿ ಮನೆಗೆ ಬರುತ್ತಿರುತ್ತಾಳೆ, ಬೆರಳ ತುದಿಯ ರಕ್ತವನ್ನು ನಾಲಿಗೆಯಿಂದ ಒರೆಸಿಕೊಳ್ಳುತ್ತ. ನೀರು ಬಿಸಿಯಾಗಿತ್ತು. ದಿನವಿಡೀ ದಣಿದ ಮೈಗೆ ಹಿತವಾಯಿತು. ಅದೊಂದನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ, ಹಿತವಾದದ್ದನ್ನು.

ಮಂಗಳವಾರ ಸೀಮಾ ಬರಲಿಲ್ಲ.

ಹೆಡ್‌ಮಾಸ್ತರ ವಿಶ್ವಾರಾಧ್ಯ ಸರ್ ನನ್ನನ್ನು ಆಫೀಸಿಗೆ ಕರೆದರು. ಕಲ್ಯಾಣಪ್ಪನವರೂ ಇದ್ದರು. ಗುರುವಾರ ತಾಲೂಕಿನಿಂದ ಸಾಹೇಬರು ಬರುತ್ತಾರೆ, ಆಟದ ಮೂಲಕ ಇಂಗ್ಲಿಷ್ ಎಂಬ ವಿಡಿಯೋ ಮಾಡುತ್ತಾರೆ, ಜಿಲ್ಲೆಗೆ ಹೋಗುತ್ತದೆ ಎಂದು ಸರ್ ಹೇಳಿದರು.

"ಬಣ್ಣದ ಆಟಾನೇ ಆಡಸ್ರಿ. ಚಲೋ ಕಾಣಸ್ತದ. ಒಂದು ಸಣ್ಣ ಅಡ್ಜಸ್ಟ್‌ಮೆಂಟ್ ಮಾಡ್ಕೋರಿ ಅಷ್ಟ." ಸರ್ ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸುತ್ತಿದ್ದರು. "ಆ ಹುಡುಗಿ ಓಡೂದು ಬ್ಯಾಡ. ಆಕಿ ಕೈಯಾಗ ಕಾರ್ಡ್ ಕೊಡ್ರಿ. ಆಕಿ ಕಾರ್ಡ್ ಎತ್ತಿ ಹಿಡೀಲಿ, ಉಳದವ್ರು ಓಡ್ಲಿ. ಬಾಜೂಕ ನಿಂತಂಗೂ ಆತು, ಆಟದಾಗ ಇದ್ದಂಗೂ ಆತು. ಅದೂ ಪಾರ್ಟಿಸಿಪೇಶನ್ನೇ ಅಲ್ಲೇನ್ರಿ?"

"ಆಕಿನ್ನ ಹೊರಗ ಇಡ್ರಿ ಅಂತ ನಾವೇನ ಅನ್ನಾಕತ್ತಿಲ್ಲ," ಕಲ್ಯಾಣಪ್ಪನವರು ಅಂದರು. "ಕಾಲ ಬದಲಾಗ್ಯದ. ಕಾನೂನು ಅದ. ನಮಗೂ ಗೊತ್ತದ. ಆದ್ರ ಮುಟ್ಟಾಟ ಯಾಕ ಬೇಕ್ರಿ? ಇಂಗ್ಲಿಷ್‌ನ್ಯಾಗ ಬ್ಯಾರೆ ಆಟ ಇಲ್ಲೇನು?"

"ನೋಡ್ತೇನಿ ರೀ," ಅಂದೆ. ದಣಿದವರು ಹಾಗೇ ಅನ್ನುತ್ತಾರೆ. ನೋಡ್ತೇನಿ.

ಬುಧವಾರವೂ ಸೀಮಾ ಬರಲಿಲ್ಲ. ಶಾಲೆ ಬಿಟ್ಟ ಮೇಲೆ ಮಾದರ ಓಣಿಗೆ ಹೋದೆ. ಕರಜಗಿ ರಸ್ತೆಯ ಆಚೆ, ಕಬ್ಬಿನ ಹೊಲದ ಬದಿಗೆ ಇಪ್ಪತ್ತು ಮನೆ. ಗೌರಾಬಾಯಿ ತೊಗರಿ ಕೊಯ್ದು ಆಗತಾನೆ ಬಂದಿದ್ದಳು. ಮುಂಗೈ ತುಂಬ ಗೀರು. ನನ್ನನ್ನು ನೋಡಿ ಎದ್ದು, ಗೋಡೆಗೆ ಆನಿಸಿದ್ದ ಕುರ್ಚಿ ಒರೆಸಲು ಹೋದಳು. ನಾನು ಹೊಸ್ತಿಲ ಮೇಲೆ ಕುಳಿತೆ. ಚಹಾ ಮಾಡಿಕೊಟ್ಟಳು. ಕುಡಿದೆ.

"ಬರ್ತಾಳ್ರಿ ಆಕಿ, ಬರಂಗಿಲ್ಲ ಅನ್ನಾಕತ್ತಿಲ್ಲ," ಗೌರಾಬಾಯಿ ಅಂದಳು. "ಆದ್ರ ಒಂದು ಹುಚ್ಚು ಹಿಡದದ. ಆ ಹಳದಿ ಅಂಗಿ ಒಲಿ ಮುಂದ ಒಗದು, ಸುಡು ಅಂತಾಳ. ಬ್ಯಾಳಿಗೆ ಅರಿಶಿಣ ಹಾಕಿದ್ರ ಉಣ್ಣಂಗಿಲ್ಲ. ಎರಡ ದಿನ ಆತು, ಬರೇ ರೊಟ್ಟಿ, ಖಾರ. ಯಾಕ ಅಂತ ಆಕಿನ್ನೇ ಕೇಳ್ರಿ."

ಸೀಮಾ ಒಳಗಿನಿಂದ ಬಂದು ಅಜ್ಜಿಯ ಬೆನ್ನಿಗೆ ಅಂಟಿ ನಿಂತಳು.

"ಯಾಕ ಸೀಮಾ?"

"ಯೆಲ್ಲೋ ಮುಟ್ಟಿದ್ರ ಜಳಕ ಮಾಡ್ಬೇಕ್ರಿ, ಮಿಸ್," ಆಕೆ ನನಗೇ ಪಾಠ ಹೇಳುವ ಹಾಗೆ ಹೇಳಿದಳು. "ಅದಕ್ಕ ಯಾರೂ ಮುಟ್ಟಲಿಲ್ರಿ. ಥಂಡಿ ಅದಲ್ರಿ."

ನಾನು ಚಹಾದ ಬಸಿಯನ್ನು ಕೆಳಗಿಟ್ಟೆ.

"ರೆಡ್ ಮುಟ್ತಾರಲ್ರಿ? ಮಹೇಶಗ ಎಲ್ಲಾರೂ ಮುಟ್ಟಿದ್ರು. ನನ್ನ ಕಡಿ ಒಂದು ರೆಡ್ ಅಂಗಿ ಅದ. ನಾಳಿಗಿ ಹಾಕ್ಕೊಂಡ ಬರ್ತೇನಿ."

ಉತ್ತರಕ್ಕೆ ಆಕೆ ಕಾಯಲಿಲ್ಲ. ಅಂಗಿ ತೋರಿಸುತ್ತೇನೆ ಎಂದು ಒಳಗೆ ಓಡಿದಳು.

ಗೌರಾಬಾಯಿ ದನಿ ತಗ್ಗಿಸಿದಳು. "ನಾ ಏನೂ ಹೇಳಿಲ್ಲ ಆಕಿಗೆ. ಅಂಗೀದೇ ತಪ್ಪು ಅಂತ ತಿಳಕೊಂಡಾಳ, ತಿಳಕೊಳ್ಳಲಿ. ಇನ್ನೊಂದು ವರ್ಷ ಹಂಗೇ ಇರ್ಲಿ. ನನಗ ಆರು ವರ್ಷ ಇದ್ದಾಗ ಗೊತ್ತಾತು." ನನ್ನ ಮುಖ ನೋಡಿದಳು. "ನಿನಗ ಎಷ್ಟಕ್ಕ ಗೊತ್ತಾತು?"

ರೀ ಬಿಟ್ಟಿದ್ದಳು. ಹೊಸ್ತಿಲ ಮೇಲೆ ಕುಳಿತದ್ದು ನೋಡಿದ್ದಳೋ, ಚಹಾ ಕುಡಿದದ್ದು ನೋಡಿದ್ದಳೋ. ಆ ಓಣಿಯಲ್ಲಿ ಯಾವ ಟೀಚರೂ ಬಸಿಗೆ ಬಾಯಿ ಹಚ್ಚಿರಲಿಲ್ಲವಂತೆ, ಅದನ್ನು ಆಮೇಲೆ ಹೇಳಿದಳು.

"ಏಳಕ್ಕ," ಅಂದೆ.

ತಲೆಯಾಡಿಸಿದಳು. ಆಶ್ಚರ್ಯವಿಲ್ಲ, ಸಂತೋಷವಿಲ್ಲ. "ಯಾರ ಮುಂದೂ ಹೇಳಬ್ಯಾಡ ಮತ್ತ. ನೌಕರಿ ಮಾಡು. ನಿಮ್ಮವ್ವ ಕೂಲಿ ಮಾಡಿ ಓದಿಸಿರಬೇಕು. ಆದ್ರ ಒಂದ ಮಾತು. ನನ್ನ ಮೊಮ್ಮಗಳನ್ನ ಎತ್ಕೊಂಡಮ್ಯಾಲ ಜಳಕ ಮಾಡ್ತೇನಂತ ಅನಬ್ಯಾಡವ್ವ. ಉಳದವ್ರು ಅಂದದ್ದು ಆಕಿ ಮರತಾಳ. ನೀ ಅಂದದ್ದ ಹಿಡಕೊಂಡ ಕುಂತಾಳ."

ಸೀಮಾ ಅಂಗಿ ಹಿಡಿದುಕೊಂಡು ಬಂದಳು. ಯಾರದೋ ದೊಡ್ಡ ಹುಡುಗಿಯದು, ಬಣ್ಣ ಮಾಸಿತ್ತು. ಆದರೂ ಕೆಂಪು.

"ರೆಡ್ ಹೌದಲ್ರಿ, ಮಿಸ್?"

"ಹೌದು," ಅಂದೆ. ಅದು ಸುಳ್ಳಲ್ಲ.

ಗುರುವಾರ ಬೆಳಿಗ್ಗೆ ವಿಭೂತಿಯ ಗಟ್ಟಿ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತೆ. ಧೈರ್ಯ ಮಾಡಿಕೊಂಡೆ ಎಂದು ಯಾರೂ ತಿಳಿಯಬಾರದು. ಹಚ್ಚಿಕೊಂಡೇ ಹೋದೆ. ಶಾಲೆಯಲ್ಲಿ ಕಸ ಹೊಡೆದೆ, ನೀರು ತಂದೆ, ಮೂರು ಮಕ್ಕಳ ಕುಂಡಿ ತೊಳೆದೆ. ಅಷ್ಟರಲ್ಲಿ ಸಾಹೇಬರ ಜೀಪು ಬಂತು. ಅವರು ಕಿಟಕಿಯ ಹತ್ತಿರ ನಿಂತು ಫೋನನ್ನು ಅಡ್ಡ ಹಿಡಿದರು. ವಿಶ್ವಾರಾಧ್ಯ ಸರ್ ಒಂದು ಕಡೆ, ಕಲ್ಯಾಣಪ್ಪನವರು ಕುರ್ಚಿಯ ಮೇಲೆ. ಮಹೇಶಕುಮಾರನಿಗೆ ಮತ್ತೆ ಕೆಂಪು ಅಂಗಿಯನ್ನೇ ಹಾಕಿ ಕಳಿಸಿದ್ದರು.

ಸೀಮಾ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಿಗಿದು ಜಡೆ. ಕೆಂಪು ಅಂಗಿ ಮೊಳಕಾಲಿನ ಕೆಳಗೆ ಇಳಿಯುತ್ತಿತ್ತು, ಬೆನ್ನ ಮೇಲೆ ಪಿನ್ನು ಚುಚ್ಚಿ ಬಿಗಿ ಮಾಡಿದ್ದರು. ಹೆಡ್‌ಮಾಸ್ತರರು ಆಕೆಯ ಕೈಗೆ ನಾಲ್ಕು ಕಾರ್ಡು ಕೊಟ್ಟು ಗೋಡೆಯ ಹತ್ತಿರ ನಿಲ್ಲಿಸಿದರು. ಆಕೆ ಕಾರ್ಡುಗಳನ್ನು ನೋಡಿದಳು, ಜೋಪಾನವಾಗಿ ನೆಲದ ಮೇಲೆ ಇಟ್ಟಳು, ಬಂದು ಉಳಿದವರ ಸಾಲಿನಲ್ಲಿ ನಿಂತಳು.

"ಏ ಪುಟ್ಟಿ, ನೀ ಅಲ್ಲಿ ನಿಂದರಬೇಕವ್ವ," ಸರ್ ಅಂದರು.

"ಒಲ್ಲೆ ರೀ. ನಾ ಇವತ್ತ ರೆಡ್ ಅದೇನಿ."

ಸಾಹೇಬರು ನಕ್ಕರು. "ಚಲೋ ಮಾತಾಡ್ತದ ಹುಡುಗಿ. ಶುರು ಮಾಡ್ರಿ ಮೇಡಂ, ರೆಕಾರ್ಡ್ ಆಗಾಕತ್ತದ."

ಸರ್ ನನ್ನ ಕಡೆ ನೋಡಿದರು. "ಟೀಚರ. ಆಕಿಗೆ ಹೇಳ್ರಿ."

ನಾನು ಹೇಳಿದರೆ ಸೀಮಾ ಹೋಗಿ ಕಾರ್ಡು ಹಿಡಿಯುತ್ತಿದ್ದಳು. ಮಿಸ್ ಹೇಳಿದ್ದನ್ನು ಕೇಳುವ ಮಗು. ಇನ್ನು ಮುಂದೆ ಯಾವ ಕೋಣೆಗೆ ಹೋದರೂ ತಾನಾಗಿಯೇ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಹೇಳದೆ ಆಟ ಶುರು ಮಾಡಿ ಟಚ್ ರೆಡ್ ಅಂದರೆ, ಎಲ್ಲ ಮಕ್ಕಳೂ ಮಹೇಶಕುಮಾರನ ಮೇಲೆ ಬೀಳುತ್ತಿದ್ದವು. ಪಕ್ಕದಲ್ಲಿ ಇನ್ನೊಂದು ರೆಡ್ ಕಣ್ಣು ಮುಚ್ಚಿಕೊಂಡು, ಕೈ ಅಗಲಿಸಿಕೊಂಡು ನಿಂತಿರುತ್ತಿತ್ತು. ಆಮೇಲೆ ಕಣ್ಣು ತೆರೆಯುತ್ತಿತ್ತು. ಅಂಗಿಯದು ತಪ್ಪಲ್ಲ ಎಂದು ಆಕೆಗೆ ಗೊತ್ತಾಗುತ್ತಿತ್ತು. ಆರು ವರ್ಷಕ್ಕಲ್ಲ, ಏಳಕ್ಕಲ್ಲ. ನಾಲ್ಕಕ್ಕೆ. ಎರಡೂ ನನ್ನ ಬಾಯಿಂದಲೇ ಆಗಬೇಕಿತ್ತು.

ನನಗೆ ಬಹಳ ದಣಿವಾಗಿತ್ತು. ಸಿಟ್ಟಿಗಿಂತ ಅದೇ ಹೆಚ್ಚು. ಆರು ತಿಂಗಳಿಂದ ಹಿಡಿದುಕೊಂಡಿದ್ದ ಒಂದು ಭಾರವನ್ನು ಕೈ ತಾನೇ ಬಿಟ್ಟಿತು.

"ನಾ ಹೇಳಂಗಿಲ್ರಿ," ಅಂದೆ.

"ಏನಂದ್ರಿ?"

"ಆಕಿಗೆ ಗ್ವಾಡಿ ಕಡಿ ನಿಂದರು ಅಂತ ನಾ ಹೇಳಂಗಿಲ್ಲ. ಆಕಿನ್ನ ಮುಟ್ಟಿದ್ರ ಜಳಕ ಮಾಡ್ಬೇಕು ಅನ್ನಾಕತ್ತೀರಲ್ರಿ, ಅದೇನು ಮಾಡ್ತೀರೋ ಪೂರಾ ಮಾಡ್ರಿ." ಕಲ್ಯಾಣಪ್ಪನವರ ಕಡೆ ತಿರುಗಿದೆ. "ನಾನೂ ಮಾದರಾಕಿ ರೀ. ಆರು ತಿಂಗಳಿಂದ ನಿಮ್ಮ ಮೊಮ್ಮಗನ ಕುಂಡಿ ತೊಳದೇನಿ. ಈ ಎಲ್ಲಾ ಹುಡುಗರ ಮೂಗು ಒರಸೇನಿ. ನಿಮ್ಮ ಅಡಿಗಿ ಮನ್ಯಾಗ ಕುಂತು ರೊಟ್ಟಿ ಬಡದೇನಿ, ನೀವು ಉಂಡೀರಿ. ಎಷ್ಟ ಜಳಕ ಮಾಡ್ತೀರಿ ನೋಡ್ರಿ."

ಸಾಹೇಬರು ಫೋನು ಇಳಿಸಿದರು. "ಇದು ಬ್ಯಾಡ. ಇದನ್ನ ತೆಗೆದುಬಿಡ್ತೇನಿ," ಎಂದು ತಮಗೇ ಹೇಳಿಕೊಂಡು ಪರದೆಯ ಮೇಲೆ ಬೆರಳು ಆಡಿಸತೊಡಗಿದರು. ವಿಶ್ವಾರಾಧ್ಯ ಸರ್ ಮೆಲ್ಲಗೆ, "ಟೀಚರ, ನೀವು ನನಗಾದರೂ ಮೊದಲ ಹೇಳಬೇಕಿತ್ತು," ಅಂದರು. ಹೇಳಿದ್ದರೆ ಏನು ಮಾಡುತ್ತಿದ್ದಿರಿ ಎಂದು ನಾನು ಕೇಳಲಿಲ್ಲ. ಕಲ್ಯಾಣಪ್ಪನವರು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಆರು ತಿಂಗಳು ರೊಟ್ಟಿ ಮುರಿದ ಕೈ ಅದು.

"ಮಿಸ್." ಮಾಳಿಂಗ ನನ್ನ ಸೆರಗು ಜಗ್ಗಿದ. "ಹಂಗಾರ ನಾವೆಲ್ಲಾ ಜಳಕ ಮಾಡ್ಬೇಕೇನ್ರಿ?"

"ಹೂಂ ಮಾಳಿಂಗ. ಇವತ್ತ ನಿಮಗೆಲ್ಲಾ ಮಾಡಸ್ತಾರ."

"ಥಂಡಿ ನೀರಾಗ?"

"ಗೊತ್ತಿಲ್ಲಪ್ಪ."

ಅವನು ಯೋಚಿಸಿದ. ಆ ಮುಖ ನನಗೆ ಚೆನ್ನಾಗಿ ಗೊತ್ತು, ಲೆಕ್ಕ ಬಿಡಿಸುವಾಗಿನ ಮುಖ. "ಹೆಂಗೂ ಮಾಡಸ್ತಾರ," ಅಂದ. ಓಡಿಹೋಗಿ ಸೀಮಾಳ ಹೊಟ್ಟೆಗೆ ಎರಡೂ ಕೈ ಇಟ್ಟ. "ರೆಡ್."

ಒಂದು ಕ್ಷಣ ಅಷ್ಟೇ. ಆಮೇಲೆ ಎಲ್ಲವೂ ಹೋದವು. ಹದಿನಾರು ಮಕ್ಕಳ ಕೈ. ಹೊಟ್ಟೆಗೆ, ಬೆನ್ನಿಗೆ, ಕಂಕುಳಕ್ಕೆ. ಮಹೇಶಕುಮಾರನೂ ಹೋದ. ಸೀಮಾ ನೆಲಕ್ಕೆ ಬಿದ್ದಳು. ಬೆನ್ನಿನ ಪಿನ್ನು ಕಿತ್ತುಹೋಯಿತು. ಉಸಿರು ಸಿಗದ ಹಾಗೆ ನಕ್ಕಳು. ಅವು ಯಾವ ನ್ಯಾಯಕ್ಕಾಗಿಯೂ ಆಕೆಯನ್ನು ಮುಟ್ಟಲಿಲ್ಲ. ಜಳಕ ಹೇಗೂ ತಪ್ಪದು, ಆಟವಾದರೂ ಆಗಲಿ ಎಂದು ಮುಟ್ಟಿದವು. ನನಗೆ ಅಷ್ಟು ಸಾಕಾಯಿತು ಎಂದು ಹೇಳಲಾರೆ. ಆದರೆ ಆ ನಗು ಸುಳ್ಳಾಗಿರಲಿಲ್ಲ.

ಕಲ್ಯಾಣಪ್ಪನವರು ಎದ್ದು, ಮೊಮ್ಮಗನ ಕಡೆ ಕೈ ಚಾಚಿ, ನಡುವೆಯೇ ಕೈ ಹಿಂದೆಗೆದುಕೊಂಡು ಹೊರಗೆ ಹೋದರು.

ಅರ್ಧ ಗಂಟೆಯಲ್ಲಿ ಮಾತು ಊರು ತುಂಬಿತು. ತಾಯಂದಿರು ಬಂದರು. ಯಾರೂ ಕೂಗಾಡಲಿಲ್ಲ. ಬಾಗಿಲ ಹೊರಗೆ ನಿಂತು ತಮ್ಮ ತಮ್ಮ ಮಕ್ಕಳ ಹೆಸರು ಕರೆದರು. ಮಕ್ಕಳು ಒಂದೊಂದಾಗಿ ಹೋದವು. ಮಾಳಿಂಗನ ತಾಯಿ ನಿಂಬೆವ್ವ ಅವನ ಅಂಗಿಯನ್ನು ಅಲ್ಲೇ ಬಿಚ್ಚಿಸಿ, ತುದಿ ಬೆರಳಲ್ಲಿ ಹಿಡಿದುಕೊಂಡು ಹೋದಳು.

ಕೊನೆಗೆ ಸುಭದ್ರಾಬಾಯಿ ಬಂದರು. ಮಹೇಶಕುಮಾರನನ್ನು ಕರೆಯುವುದು ಮರೆತು ನನ್ನನ್ನೇ ನೋಡಿದರು. ಕಣ್ಣು ಕೆಂಪಾಗಿತ್ತು.

"ಖರೇ ಏನು?"

"ಹೌದ್ರಿ."

"ಅವತ್ತ ಜಳಕ ಯಾಕ ಮಾಡ್ದಿ ಮತ್ತ?"

ಏಕವಚನಕ್ಕೆ ಬಂದಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ನೀವು ನೀರ ಕಾಸಿದ್ರಿ," ಅಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಟ್ರಂಕು ಹೊರಗ ಇಡಸ್ತೇನಿ. ಒಳಗ ಬರಬ್ಯಾಡ," ಎಂದು ಮೊಮ್ಮಗನನ್ನು ಮುಂದೆ ನಡೆಸಿಕೊಂಡು ಹೋದರು. ಅವನ ಭುಜ ಮುಟ್ಟಲಿಲ್ಲ.

ಕೋಣೆಯಲ್ಲಿ ನಾನು, ಸೀಮಾ. ಆಕೆ ಕೆಳಗೆ ಬಿದ್ದಿದ್ದ ಕಾರ್ಡುಗಳನ್ನು ಆರಿಸಿ ನನ್ನ ಮೇಜಿನ ಮೇಲೆ ಇಟ್ಟಳು. ಮೈತುಂಬ ಧೂಳು.

"ಮಿಸ್, ನನಗ ಎಲ್ಲಾರೂ ಮುಟ್ಟ್ಯಾರ. ನಾನೂ ಜಳಕ ಮಾಡ್ಬೇಕೇನ್ರಿ?"

"ಬ್ಯಾಡ."

"ನೀವು?"

"ನಾನೂ ಮಾಡಂಗಿಲ್ಲ."

ಬೀಗ ಹಾಕಿ ಆಕೆಯನ್ನು ಎತ್ತಿಕೊಂಡು ಹೊರಟೆ. ಭಾರವಿದ್ದಳು. ಸೊಂಟ ನೋಯುತ್ತಿತ್ತು. ಸುತ್ತು ಹಾಕಿ ಹೋಗುವ ದಾರಿ ಇತ್ತು, ಅಷ್ಟು ನಡೆಯುವ ಶಕ್ತಿ ಇರಲಿಲ್ಲ. ದೊಡ್ಡ ಓಣಿಯ ನಡುವೆಯೇ ಹೋದೆ. ಮಧ್ಯಾಹ್ನ ಹನ್ನೆರಡರ ಹೊತ್ತು. ಮನೆ ಮನೆಯ ಅಂಗಳದಲ್ಲಿ ನೀರಿನ ಸದ್ದು, ಮಕ್ಕಳ ಅಳು. ಎರಡೂ ಬದಿಯ ಚರಂಡಿ ಸೋಪಿನ ನೊರೆ ಹೊತ್ತು ಹರಿಯುತ್ತಿತ್ತು. ಇಡೀ ಓಣಿ ನನ್ನ ಕೈ ತಾಗಿದ್ದನ್ನು ತೊಳೆದುಕೊಳ್ಳುತ್ತಿತ್ತು. ಹೆಂಗಸರು ತಂಬಿಗೆ ಹಿಡಿದ ಕೈ ಹಾಗೇ ನಿಲ್ಲಿಸಿ ನಮ್ಮನ್ನು ನೋಡಿದರು.

ಸೀಮಾ ನನ್ನ ಸೊಂಟದ ಮೇಲಿನಿಂದ ಬೆರಳು ತೋರಿಸುತ್ತ ಬಂದಳು. ಒಂದು ಬಾಗಿಲಿಗೆ ಗ್ರೀನ್ ಅಂದಳು. ಒಣಹಾಕಿದ ಕುಪ್ಪಸಕ್ಕೆ ರೆಡ್ ಅಂದಳು. ಒಂದು ಮನೆಯ ಗಂಟೆ ಹೂವಿನ ಗಿಡಕ್ಕೆ ಸ್ವಲ್ಪ ತಡೆದು, ಯೆಲ್ಲೋ ಅಂದಳು. ಕಲ್ಯಾಣಪ್ಪನವರ ಮನೆಯ ಮುಂದೆ ಬಂದೆವು. ನನ್ನ ಟ್ರಂಕು ರಸ್ತೆಯ ಅಂಚಿನಲ್ಲಿ ಇತ್ತು, ಅದರ ಮೇಲೂ ನೀರು ಹೊಡೆದಿದ್ದರು. ಅಂಗಳದಲ್ಲಿ ಮಹೇಶಕುಮಾರ ಬತ್ತಲೆ ನಿಂತು ನಡುಗುತ್ತಿದ್ದ. ಅವನ ಪಕ್ಕದಲ್ಲಿ ತುಂಬಿದ ನೀಲಿ ಬಕೆಟ್. ಸುಭದ್ರಾಬಾಯಿ ಕೈಯಲ್ಲಿ ತಂಬಿಗೆ ಹಿಡಿದು ನಿಂತಿದ್ದರು.

"ಮಿಸ್, ಬ್ಲೂ," ಸೀಮಾ ಅಂದಳು. "ಇಳಸ್ರಿ. ಮುಟ್ಟಿ ಬರ್ತೇನಿ."

ಸುಭದ್ರಾಬಾಯಿ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

ಇಳಿಸಿದೆ.